ಹಳ್ಳದ ಸೇತುವೆಗೆ ಮಂಡಳಿ ಅನುದಾನ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಶಹಾಪುರದ ಹತ್ತಿರ ನಿಮ್ಮೂರಿನ ಹಳ್ಳಕ್ಕೆ ಸೇತುವೆ ಬೇಕು, ಕಲಬುರಗಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ನೇರವಾಗಿ ಅರ್ಜಿ ಕೊಡಬಹುದಾ ಅಂತ ಕೇಳಿದ್ದೀರಿ. ಕೊಡಬಹುದು, ಆದರೆ ಬರೀ ಮನವಿ ಪತ್ರ ಸಾಲದು. ಕಾಮಗಾರಿ ಮಂಡಳಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಅದಕ್ಕೆ ಶಾಸಕರ ಶಿಫಾರಸು ತುಂಬಾ ಮುಖ್ಯ.

ಮೊದಲು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಆಮೇಲೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದಿಂದ ಅಂದಾಜು ಪಟ್ಟಿ ಮಾಡಿಸಿ. ರಸ್ತೆ ಲೋಕೋಪಯೋಗಿ ಇಲಾಖೆಯದಾದರೆ ಅಲ್ಲಿಗೇ ಹೋಗಬೇಕು, ಇದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ಜಾಗದ ಪಹಣಿಯನ್ನೂ ನೋಡಿ. ಖಾಸಗಿ ಜಮೀನು ಸೇರಿದ್ದರೆ ಕೆಲಸ ಅಲ್ಲೇ ನಿಲ್ಲಬಹುದು. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಫೋಟೋ ತೆಗೆದಿಡಿ, ಶಾಲೆಗೆ ಹೋಗಲಾಗದ ಮಕ್ಕಳ ಲೆಕ್ಕ ಬರೆದಿಡಿ. ಇಂಥ ದಾಖಲೆಗೆ ತೂಕ ಜಾಸ್ತಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದೇ ಇಂಥ ಊರುಗಳಿಗಾಗಿ ಅಲ್ವಾ? ಧೈರ್ಯವಾಗಿ ಕೇಳಿ. ಕೊಟ್ಟ ಪ್ರತಿ ಕಾಗದಕ್ಕೂ ಸ್ವೀಕೃತಿ ಪಡೆಯಿರಿ.