ಪ್ರತಿಮೆಗಿಂತ ಮೊದಲು ಆ ಮನೆಯ ಕಡತ ನೋಡಿ

ಹುತಾತ್ಮರಾದ ನಿಮ್ಮೂರಿನ ಕಮಾಂಡೊ ನೆನಪಿಗೆ ಪ್ರತಿಮೆ ನಿಲ್ಲಿಸುವುದೋ, ರಸ್ತೆಗೆ ಹೆಸರಿಡುವುದೋ ಎಂದು ಕೇಳಿದ್ದೀರಿ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನಲ್ಲೂ ಇದೇ ಚರ್ಚೆ ನಡೆದಿತ್ತು. ತೀರಿಕೊಂಡವನು ನನ್ನ ಅಣ್ಣ, ಪ್ಯಾರಾ ಸ್ಪೆಷಲ್ ಫೋರ್ಸಸ್‌ನಲ್ಲಿದ್ದ.

ಅಂತಿಮಯಾತ್ರೆಗೆ ಊರಿಗೆ ಊರೇ ನೆರೆದಿತ್ತು. ಆಮೇಲೆ ಅತ್ತಿಗೆಯ ಪಿಂಚಣಿ ಒಂದು ಕಾಗದಕ್ಕಾಗಿ ನಿಂತಿತು. ಮದುವೆಯನ್ನು ಪಂಚಾಯತಿನಲ್ಲಿ ನೋಂದಾಯಿಸಿದ್ದೆವು. ಆದರೆ ಸೈನಿಕನ ಮದುವೆಗೆ ಅಷ್ಟು ಸಾಲದು. ಯೂನಿಟ್‌ನಿಂದ ಪಾರ್ಟ್-2 ಆರ್ಡರ್, ಅಂದರೆ ಸೈನಿಕನ ಮದುವೆಯಂಥ ವಿವರಗಳನ್ನು ದಾಖಲಿಸುವ ಆದೇಶ, ಹೊರಟು, ಅದು ಬೆಂಗಳೂರಿನ ರೆಕಾರ್ಡ್ಸ್ ಕಚೇರಿಯ ಸೇವಾ ದಾಖಲೆಗೆ ಸೇರಬೇಕು. ಮಗು ಹುಟ್ಟಿದರೂ ಹಾಗೆಯೇ. ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಅಣ್ಣ ರಜೆ ಮುಗಿಸಿ ಹೊರಟಿದ್ದ. ಮುಂದಿನ ರಜೆಯಲ್ಲಿ ಒಯ್ಯಲಿ ಎಂದು ನಾನು ಅದನ್ನು ಕಪಾಟಿನಲ್ಲಿ, ರೇಷನ್ ಕಾರ್ಡಿನ ಜೊತೆ ಇಟ್ಟೆ. ರಿಜಿಸ್ಟರ್ಡ್ ಅಂಚೆಯಲ್ಲಿ ಯೂನಿಟ್‌ಗೆ ಕಳುಹಿಸಿದ್ದರೆ ಮುಗಿಯುತ್ತಿತ್ತು. ಕಳುಹಿಸಲಿಲ್ಲ. ಸೇನೆಯ ಕಡತದಲ್ಲಿ ಅಣ್ಣ ಅವಿವಾಹಿತನಾಗಿಯೇ ಉಳಿದ. ಕಾಳಗದಲ್ಲಿ ಮಡಿದವನ ಪತ್ನಿಗೆ ಕೊನೆಯ ವೇತನದಷ್ಟೇ ಉದಾರೀಕೃತ ಕುಟುಂಬ ಪಿಂಚಣಿ ಬರುತ್ತದೆ. ಅದಕ್ಕಾಗಿ ಅತ್ತಿಗೆ, ತಾನು ಅವನ ಹೆಂಡತಿಯೆಂದು ಆ ದುಃಖದಲ್ಲೇ ಸಾಬೀತುಪಡಿಸಬೇಕಾಯಿತು. ಕನ್ನಡ ಮಾಧ್ಯಮದಲ್ಲಿ ಕಲಿತ ಅವರಿಗೆ ಮಲಯಾಳದ ಅರ್ಜಿ ಓದಲೂ ಬರುತ್ತಿರಲಿಲ್ಲ.

ವರ್ಷಾಂತಿಕದ ಸಭೆಯಲ್ಲಿ ಭಾಷಣಕಾರರೊಬ್ಬರು ಅಣ್ಣನ ಕಾರ್ಯಾಚರಣೆಯನ್ನು ಕಣ್ಣಾರೆ ಕಂಡವರಂತೆ ಬಣ್ಣಿಸಿದರು. ಆ ಪಡೆಯವರು ಮನೆಯಲ್ಲಿ ಹೇಳುವುದು "ಕೆಲವು ದಿನ ಫೋನ್ ಸಿಗುವುದಿಲ್ಲ" ಎಂದಷ್ಟೇ. ಅಮ್ಮ ತಮಗೆ ಹೊದಿಸಿದ ಶಾಲಿನ ಅಂಚಿನ ನೂಲನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದರು. ಮನೆಗೆ ಬಂದು ಕೇಳಿದರು: "ಇವರಿಗೆಲ್ಲ ಗೊತ್ತಿದ್ದದ್ದನ್ನು ಅವನು ನನಗೇಕೆ ಹೇಳಲಿಲ್ಲ?" ಕಟ್ಟುಕಥೆ ಹೇಳುವವರಿಗೆ ದಯವಿಟ್ಟು ಮೈಕ್ ಕೊಡಬೇಡಿ.

ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯೇ ತಪ್ಪು. ಹೆಸರು ಕೆತ್ತುವ ಕೆಲಸವನ್ನು ದೇಶ ಮಾಡುತ್ತದೆ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ ಸಾವಿರಾರು ಯೋಧರ ಹೆಸರುಗಳು ಗ್ರಾನೈಟ್‌ನಲ್ಲಿವೆ. ಸಂಗ್ರಹಿಸಿದ ಹಣದಲ್ಲಿ ಆ ಮನೆಯವರನ್ನು ಅಲ್ಲಿಗೆ ಕರೆದೊಯ್ಯಿರಿ, ಬರುತ್ತೇವೆ ಎಂದರೆ ಮಾತ್ರ. ಅದಕ್ಕೂ ಮೊದಲು ಮಲಯಾಳ ಬಲ್ಲ ಒಬ್ಬರು ಅವರ ಜೊತೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಲಿ. ಮದುವೆ, ಮಕ್ಕಳ ಜನನ, ಹೆಸರಿನ ಕಾಗುಣಿತ ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇದೆಯೇ ಎಂದು ನೋಡಲಿ.

ಸಭೆ ಮಾಡಲೇಬೇಕೆಂದಿದ್ದರೆ ದಿನವನ್ನು ಅವರ ತಾಯಿ, ಪತ್ನಿಯರನ್ನು ಕೇಳಿ ಗೊತ್ತುಮಾಡಿ. ಪುಣ್ಯತಿಥಿಯಂದು ಬೇಡ, ಅಂದು ಆ ಮನೆಯಲ್ಲಿ ಶ್ರಾದ್ಧವಿರುತ್ತದೆ.