ಪಾಸ್‌ಪೋರ್ಟ್ ಕೊಟ್ಟರೆ ರಕ್ಷಣೆ ಕೊಟ್ಟಂತಾಗುವುದೇ?

ಮಾನ್ಯರೇ,

ಗಡಿಯಾಚೆ ಅಲ್ಪಸಂಖ್ಯಾತರಾಗಿ ಉಳಿದ ತನ್ನ ಜನಾಂಗದವರಿಗೆ ತಾಯ್ನಾಡು ಪೌರತ್ವ ಕೊಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಪಾಸ್‌ಪೋರ್ಟ್ ಊರು ಬಿಡಲು ದಾರಿ ಮಾಡಿಕೊಡುತ್ತದೆ. ಇದ್ದ ಊರಿನಲ್ಲಿ ಮಗುವಿಗೆ ತನ್ನ ಭಾಷೆಯ ಶಾಲೆಯನ್ನು ಕೊಡುವುದಿಲ್ಲ. ಅಪಾಯವೂ ಇದೆ: ಜಾರ್ಜಿಯದ ದಕ್ಷಿಣ ಒಸೇಷ್ಯದಲ್ಲಿ ರಷ್ಯ ಮೊದಲು ಪಾಸ್‌ಪೋರ್ಟ್ ಹಂಚಿತು, 2008ರಲ್ಲಿ ಅದೇ ‘ನಮ್ಮ ಪ್ರಜೆಗಳ’ ರಕ್ಷಣೆಯ ಹೆಸರಿನಲ್ಲಿ ಸೈನ್ಯ ನುಗ್ಗಿಸಿತು.

ಇಟಲಿಯ ದಕ್ಷಿಣ ಟಿರೋಲ್ ನೋಡಿ. ಮೊದಲ ಮಹಾಯುದ್ಧದ ಬಳಿಕ ಆಸ್ಟ್ರಿಯದಿಂದ ಇಟಲಿಗೆ ಸೇರಿದ ಈ ಸೀಮೆಯಲ್ಲಿ ಜರ್ಮನ್ ಮಾತನಾಡುವವರೇ ಹೆಚ್ಚು. ಮುಸೊಲಿನಿ ಅವರ ಶಾಲೆಗಳನ್ನು ಮುಚ್ಚಿಸಿದ. 1946ರಲ್ಲಿ ಎರಡೂ ದೇಶಗಳು ಈ ಜನರ ರಕ್ಷಣೆಗೆ ಪ್ಯಾರಿಸ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಆದರೆ 1948ರ ಸ್ವಾಯತ್ತತಾ ಶಾಸನ ಈ ಜಿಲ್ಲೆಯನ್ನು ಇಟಾಲಿಯನ್ನರೇ ತುಂಬಿದ್ದ ಟ್ರೆಂಟೊ ಜೊತೆ ಒಂದೇ ಪ್ರಾಂತಕ್ಕೆ ಸೇರಿಸಿ, ಅಧಿಕಾರವನ್ನು ಅಲ್ಲಿಟ್ಟಿತು. ಕಾಗದದಲ್ಲಿ ಸ್ವಾಯತ್ತತೆ, ಮತದಾನಕ್ಕೆ ಬಂದರೆ ಸೋಲು. ಎಡವಿದ್ದು ಇಲ್ಲೇ. ಮುಂದೆ ಬಾಂಬುಗಳೂ ಸಿಡಿದವು.

ಆಸ್ಟ್ರಿಯ 1960ರಲ್ಲಿ ವಿಶ್ವಸಂಸ್ಥೆಯ ಕದ ತಟ್ಟಿತು. 1969ರಲ್ಲಿ ಇಟಲಿ ಕೈಗೊಳ್ಳಬೇಕಾದ 137 ಕ್ರಮಗಳ ಪಟ್ಟಿಗೆ ಒಪ್ಪಿಗೆ ಸಿಕ್ಕಿತು, 1972ರಲ್ಲಿ ಹೊಸ ಶಾಸನ ಬಂದು ಅಧಿಕಾರ ಜಿಲ್ಲೆಗೇ ಇಳಿಯಿತು. ಎಲ್ಲ ಜಾರಿಯಾದ ಮೇಲೆ, 1992ರಲ್ಲಿ, ಆಸ್ಟ್ರಿಯ ವಿವಾದ ಮುಗಿಯಿತೆಂದು ವಿಶ್ವಸಂಸ್ಥೆಗೆ ತಿಳಿಸಿತು. ತಾಯ್ನಾಡಿನ ಕೆಲಸ ಇದೇ: ಒಪ್ಪಂದಕ್ಕೆ ಸಹಿ ಹಾಕಿ, ಕೊನೆಯ ಕ್ರಮ ಜಾರಿಯಾಗುವವರೆಗೂ ಬೆನ್ನು ಬಿಡದಿರುವುದು.

ಆ ಕ್ರಮಗಳು ಬರೀ ಘೋಷಣೆಗಳಲ್ಲ. ಸರ್ಕಾರಿ ಕೆಲಸಕ್ಕೆ ಎರಡೂ ಭಾಷೆಗಳ ಪರೀಕ್ಷೆ ಪಾಸಾಗಬೇಕು. ಹುದ್ದೆಗಳು ಜರ್ಮನ್, ಇಟಾಲಿಯನ್, ಲಾದಿನ್ (ಅಲ್ಲಿನ ಮೂರನೆಯ, ಚಿಕ್ಕ ಭಾಷೆ) ಗುಂಪುಗಳ ಜನಸಂಖ್ಯೆಗೆ ತಕ್ಕಂತೆ ಹಂಚಿಕೆಯಾಗುತ್ತವೆ. 2011ರ ಗಣತಿಯಲ್ಲಿ ಈ ಪ್ರಮಾಣ ಸುಮಾರು ಶೇ. 69, 26 ಮತ್ತು 4.5. ಅರ್ಜಿದಾರ ಯಾವ ಗುಂಪಿನವನೆಂದು ಬರೆದುಕೊಟ್ಟ ಕಾಗದ ಮುಚ್ಚಿದ ಲಕೋಟೆಯಲ್ಲಿ ಜಿಲ್ಲೆಯ ಮುಖ್ಯ ಪಟ್ಟಣ ಬೋಲ್ಜಾನೊದ ನ್ಯಾಯಾಲಯದ ವಶದಲ್ಲಿರುತ್ತದೆ. ಅದನ್ನು ಯಾರು ಬೇಕಾದರೂ ತೆರೆದು ನೋಡುವಂತಿಲ್ಲ. ಅಲ್ಪಸಂಖ್ಯಾತರ ಹೆಸರುಪಟ್ಟಿ ತಪ್ಪು ಕೈಗೆ ಸಿಕ್ಕರೆ ಏನಾಗುತ್ತದೆಂದು ಯುರೋಪಿಗೆ ಚೆನ್ನಾಗಿ ಗೊತ್ತು.

ಪುಸ್ತಕ, ವಿದ್ಯಾರ್ಥಿವೇತನ, ಶಿಕ್ಷಕರ ತರಬೇತಿ ಇಂಥವನ್ನು ತಾಯ್ನಾಡು ಧಾರಾಳವಾಗಿ ಕೊಡಲಿ, ಆದರೆ ನೆರೆರಾಷ್ಟ್ರದ ಒಪ್ಪಿಗೆ ಪಡೆದು. ರಕ್ಷಣೆಯ ಮೊದಲ ಹೊಣೆ ಅವರು ವಾಸಿಸುವ ದೇಶದ್ದೇ ಎಂದು ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯ (ಒಎಸ್‌ಸಿಇ) ಅಲ್ಪಸಂಖ್ಯಾತರ ಹೈಕಮಿಷನರ್ ಹೊರಡಿಸಿದ 2008ರ ಬೋಲ್ಜಾನೊ ಶಿಫಾರಸುಗಳೂ ಹೇಳುತ್ತವೆ.

ಈ ಏರ್ಪಾಡಿನಲ್ಲೂ ಒಂದು ಲೋಪವಿದೆ. ತಾಯಿ ಜರ್ಮನ್, ತಂದೆ ಇಟಾಲಿಯನ್ ಆದ ಮಕ್ಕಳು 1991ರಿಂದ ತಮ್ಮನ್ನು ‘ಇತರೆ’ ಎಂದು ಬರೆಸಬಹುದು. ಆದರೂ ಹುದ್ದೆಯ ಲೆಕ್ಕಕ್ಕೆ ಮೂರರಲ್ಲಿ ಒಂದು ಗುಂಪನ್ನು ಆರಿಸಿಕೊಳ್ಳಲೇಬೇಕು.

– ಸಂಪಾದಕ