ಲಿಮಿಟೆಡ್ ಎಡಿಷನ್ ಬೆಳ್ಳಿ ನಾಣ್ಯಕ್ಕೆ ಮೂಲ ಡಬ್ಬಿ, ಸರ್ಟಿಫಿಕೇಟ್ ಇಲ್ಲದಿದ್ದರೆ ಬೆಲೆ ಎಷ್ಟು ಇಳಿಯುತ್ತದೆ?

ನೀವು ಕೇಳಿರುವುದು ಇಷ್ಟು: ಕೆಲವು ಲಿಮಿಟೆಡ್ ಎಡಿಷನ್ ಬೆಳ್ಳಿ ನಾಣ್ಯಗಳಿವೆ, ಎಲ್ಲದಕ್ಕೂ ಡಬ್ಬಿ, ಸರ್ಟಿಫಿಕೇಟ್ ಇಲ್ಲ, ಒಂದು ಕಪ್ಪಾಗಿದೆ. ತೊಳೆದು, ಖಾಲಿ ಡಬ್ಬಿ ಕೊಂಡು ಜೋಡಿಸಿ ಮಾರಿದರೆ ಬೆಳ್ಳಿಯ ತೂಕಕ್ಕಿಂತ ಹೆಚ್ಚು ಸಿಗುತ್ತದೆಯೇ?

ದಯವಿಟ್ಟು ತೊಳೆಯಬೇಡಿ. ಕಾರಣ ಮುಂದೆ ಹೇಳುತ್ತೇನೆ. ಮೊದಲು ನಿಮ್ಮಲ್ಲಿರುವುದನ್ನು ಬೇರ್ಪಡಿಸಿ.

ಅಮೆರಿಕದ ಸಿಲ್ವರ್ ಈಗಲ್, ಕೆನಡಾದ ಮೇಪಲ್ ಲೀಫ್‌ನಂಥ ನಾಣ್ಯಗಳ ಸಾಮಾನ್ಯ ಆವೃತ್ತಿಯನ್ನು ಬುಲಿಯನ್, ಅಂದರೆ ಮುಖ್ಯವಾಗಿ ಬೆಳ್ಳಿಗಾಗಿಯೇ ಕೊಳ್ಳುವ ನಾಣ್ಯ, ಎನ್ನುತ್ತಾರೆ. ಟಂಕಸಾಲೆಯಿಂದ ಅವು ಪ್ಲಾಸ್ಟಿಕ್ ಕೊಳವೆಯಲ್ಲಿ ಹೊರಬರುತ್ತವೆ. ಈಗಲ್ ಆದರೆ ಕೊಳವೆಗೆ 20, ಮೇಪಲ್ ಆದರೆ 25. ಇವಕ್ಕೆ ಮೂಲ ಡಬ್ಬಿಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಜೊತೆಗೆ ಚೆಂದದ ಮರದ ಪೆಟ್ಟಿಗೆ ಬಂದಿದ್ದರೆ ಅದು ಮಾರಿದವರು ಸೇರಿಸಿದ್ದು, ಅದಕ್ಕೆ ಸಂಗ್ರಹಕಾರರು ಏನೂ ಕೊಡುವುದಿಲ್ಲ. ಮುಖಬೆಲೆಯೇ ಇಲ್ಲದ ಖಾಸಗಿ ಪದಕಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಡಬ್ಬಿಯ ಪ್ರಶ್ನೆ ನಿಜವಾಗಿ ಬರುವುದು ಪ್ರೂಫ್ ನಾಣ್ಯಗಳಿಗೆ, ಅಂದರೆ ಕನ್ನಡಿಯಂತೆ ಹೊಳೆಯುವ ಮೈಯ ಮೇಲೆ ಮಂಜು ಹಿಡಿದಂಥ ಚಿತ್ರ ಇರುವವಕ್ಕೆ. ಟಂಕಸಾಲೆ ಸಂಗ್ರಹಕಾರರಿಗೆಂದೇ ತಂದ ಬಣ್ಣದ, ಆಂಟಿಕ್ ಫಿನಿಶ್‌ನ (ಹಳೆಯದರಂತೆ ಕಾಣುವ ಮೈಯ) ನಾಣ್ಯಗಳೂ ಇದರಲ್ಲಿ ಸೇರುತ್ತವೆ.

'ಲಿಮಿಟೆಡ್' ಎಂಬ ಪದ ಕಂಡ ಕೂಡಲೇ ಬೆಲೆ ಕಟ್ಟಬೇಡಿ. ಸರ್ಟಿಫಿಕೇಟಿನಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಗರಿಷ್ಠ ಮಿತಿ. ನಿಜಕ್ಕೂ ಮಾರಾಟವಾದದ್ದು ಅದಕ್ಕಿಂತ ಕಡಿಮೆ ಇರಬಹುದು, ಹಾಗಾಗಿ ಅಂತಿಮ ಸಂಖ್ಯೆಯನ್ನೇ ಹುಡುಕಿ. ಅದಕ್ಕಿಂತ ಮುಖ್ಯವಾದದ್ದು ಬೇಡಿಕೆ. 1995ರ 'ಡಬ್ಲ್ಯೂ' ಗುರುತಿನ (ಯಾವ ಟಂಕಸಾಲೆಯದು ಎಂದು ತೋರಿಸುವ ಅಕ್ಷರ) ಪ್ರೂಫ್ ಸಿಲ್ವರ್ ಈಗಲ್ ನೋಡಿ. ಸಂಖ್ಯೆ 30,125. ಅದನ್ನು ಬಿಡಿಯಾಗಿ ಮಾರಲೇ ಇಲ್ಲ, ನಾಲ್ಕು ಚಿನ್ನದ ನಾಣ್ಯಗಳಿರುವ ಸೆಟ್ ಕೊಂಡವರಿಗೆ ಮಾತ್ರ ಸಿಕ್ಕಿತು. ಅದೇ ವರ್ಷದ 'ಪಿ' ಗುರುತಿನದು 4 ಲಕ್ಷಕ್ಕೂ ಹೆಚ್ಚು. ವಿನ್ಯಾಸ ಒಂದೇ, ಬೆಳ್ಳಿ ಒಂದೇ, ಬೇರೆಯಿರುವುದು ಒಂದು ಪುಟ್ಟ ಅಕ್ಷರ. ಆದರೂ ವರ್ಷವಾರು ಸರಣಿ ಪೂರ್ತಿ ಮಾಡುವವರಿಗೆಲ್ಲ ಈ 'ಡಬ್ಲ್ಯೂ' ಬೇಕೇ ಬೇಕು. ನಿಯುವೆ, ಕುಕ್ ದ್ವೀಪಗಳ ಹೆಸರಿನಲ್ಲಿ ಬರುವ ಎಷ್ಟೋ ನಾಣ್ಯಗಳ ಸಂಖ್ಯೆ ಕೆಲವೇ ನೂರು, ಸಾವಿರ. ಆದರೆ ಸರಣಿ ಎಂಬುದೇ ಇಲ್ಲದ ಒಂಟಿ ವಿಷಯದ ನಾಣ್ಯಕ್ಕೆ ಮರುಮಾರಾಟದಲ್ಲಿ ಗಿರಾಕಿ ಸಿಗುವುದು ಕಷ್ಟ. ನನ್ನ ಮಟ್ಟಿಗೆ, ಕಡಿಮೆ ಸಂಖ್ಯೆಗಿಂತ ಅದನ್ನು ಹುಡುಕುವ ಜನ ಎಷ್ಟಿದ್ದಾರೆ ಎಂಬುದೇ ಬೆಲೆ ತೀರ್ಮಾನಿಸುತ್ತದೆ.

ಇನ್ನು ಡಬ್ಬಿ. ಸಂಗ್ರಹಕಾರರ ಲೆಕ್ಕದಲ್ಲಿ ಸೆಟ್ ಪೂರ್ತಿ ಎಂದರೆ ಕ್ಯಾಪ್ಸೂಲ್ (ನಾಣ್ಯ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಕವಚ), ಒಳಡಬ್ಬಿ, ಹೊರರಟ್ಟು, ಸರ್ಟಿಫಿಕೇಟ್ ನಾಲ್ಕೂ ಇರಬೇಕು. ಜನ ಮೊದಲು ಎಸೆಯುವುದು ಹೊರರಟ್ಟನ್ನೇ, ಆದ್ದರಿಂದ ಹಳೆಯ ಸೆಟ್‌ಗಳಲ್ಲಿ ಇಲ್ಲದಿರುವುದೂ ಹೆಚ್ಚಾಗಿ ಅದೇ. ಸುಲಭವಾಗಿ ಸಿಗುವ ಪ್ರೂಫ್ ನಾಣ್ಯಕ್ಕೆ ಡಬ್ಬಿ ಇಲ್ಲದಿದ್ದರೆ ಬೆಲೆ ತುಸು ಇಳಿಯುತ್ತದೆ, ಅಷ್ಟೇ. ಬಣ್ಣದ ನಾಣ್ಯ, ಪ್ರದರ್ಶನದ ಪೆಟ್ಟಿಗೆಯೊಂದಿಗೇ ವಿನ್ಯಾಸಗೊಂಡ ಸೆಟ್, ನಂಬರ್ ಇರುವ ಸರ್ಟಿಫಿಕೇಟಿನ ನಾಣ್ಯಗಳಲ್ಲಿ ಇಳಿತ ದೊಡ್ಡದು, ಏಕೆಂದರೆ ಅವನ್ನು ಕೊಳ್ಳುವವರು ಇಡೀ ಸೆಟ್ಟನ್ನೇ ಕೇಳುತ್ತಾರೆ.

ಖಾಲಿ ಡಬ್ಬಿ ಕೊಂಡು ಜೋಡಿಸುವುದರಲ್ಲಿ ತಪ್ಪಿಲ್ಲ, ಆದರೆ ಮಾರುವಾಗ ಹೇಳಲೇಬೇಕು. ಸರ್ಟಿಫಿಕೇಟಿನ ವರ್ಷ, ಟಂಕಸಾಲೆಯ ಗುರುತು, ಫಿನಿಶ್ ಮೂರೂ ನಾಣ್ಯಕ್ಕೆ ಹೊಂದಬೇಕು. ಇನ್ನೊಂದು ವಿಷಯ: ನಂಬರ್ ಇರುವುದು ಸಾಮಾನ್ಯವಾಗಿ ಕಾಗದದ ಮೇಲೆ, ನಾಣ್ಯದ ಮೇಲಲ್ಲ. ಖಾಲಿ ಡಬ್ಬಿ, ಬಿಡಿ ಸರ್ಟಿಫಿಕೇಟ್ ಎರಡೂ ಮಾರಾಟಕ್ಕೆ ಸಿಗುವುದರಿಂದ ಅವು ನಾಣ್ಯ ಅಸಲಿ ಎಂದು ಸಾಬೀತು ಮಾಡುವುದಿಲ್ಲ. ಅಸಲಿತನಕ್ಕೆ ತೂಕ, ಅಳತೆ ನೋಡಿ. ಒಂದು ಔನ್ಸಿನ ಈಗಲ್ 31.103 ಗ್ರಾಂ, ವ್ಯಾಸ 40.6 ಮಿ.ಮೀ. ಚೀನಾದ ಪಾಂಡಾ ಬೆಳ್ಳಿ ನಾಣ್ಯ 2016ರಿಂದ 30 ಗ್ರಾಂ, ಆ ಮೇಲಿನ ವರ್ಷದ್ದು 31.1 ತೂಗಿದರೆ ಅನುಮಾನಿಸಿ. ಪ್ರೂಫ್ ಆದರೆ ಕ್ಯಾಪ್ಸೂಲ್ ತೆಗೆಯದೆ ತೂಗಿ, ಅದೇ ಮಾದರಿಯ ಖಾಲಿ ಕ್ಯಾಪ್ಸೂಲಿನ ತೂಕ ಕಳೆಯಿರಿ.

ಮೂಲ ಡಬ್ಬಿಯೇ ನಾಣ್ಯವನ್ನು ಹಾಳು ಮಾಡುವುದೂ ಉಂಟು, ಮತ್ತು ಇದನ್ನು ಕಡೆಗಣಿಸುವವರೇ ಹೆಚ್ಚು. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಅಗ್ಗದ ರಟ್ಟು, ಉಣ್ಣೆಯ ಬಟ್ಟೆ, ರಬ್ಬರ್, ಕೆಲವು ಫೋಮ್‌ಗಳಿಂದ ಗಂಧಕದ ಅನಿಲ ನಿಧಾನವಾಗಿ ಹೊರಬರುತ್ತದೆ. ಕ್ಯಾಪ್ಸೂಲ್‌ಗಳೂ ಪೂರ್ತಿ ಗಾಳಿಬಿಗಿಯಲ್ಲ. ಒಳಗೆ ಕಪ್ಪು ಫೋಮ್ ಉಂಗುರವಿದ್ದರೆ ಅಂಚಿನ ಸುತ್ತ ಬಳೆಯಾಕಾರದಲ್ಲಿ ಬಣ್ಣ ಕಟ್ಟುತ್ತದೆ. ಮೆತ್ತನೆಯ ಪಿವಿಸಿ ಚೀಲ ಇನ್ನೂ ಕೆಟ್ಟದ್ದು. ಅದರ ಪ್ಲಾಸ್ಟಿಸೈಸರ್ (ಪ್ಲಾಸ್ಟಿಕನ್ನು ಮೆತ್ತಗಾಗಿಸುವ ರಾಸಾಯನಿಕ) ಒಸರಿ ಹಸಿರು ಅಂಟಾಗುತ್ತದೆ, ಬಿಟ್ಟರೆ ಲೋಹವನ್ನೇ ಕೊರೆಯುತ್ತದೆ. ಹಾಗಾಗಿ ಡಬ್ಬಿಯನ್ನು ಜೋಪಾನವಾಗಿಡಿ, ನಾಣ್ಯವನ್ನು ಬೇರೆಡೆ ಇಡಿ: ಸರಿಯಾದ ಅಳತೆಯ ಅಕ್ರಿಲಿಕ್ ಕ್ಯಾಪ್ಸೂಲಿನಲ್ಲಿ, ಮುಚ್ಚಳ ಬಿಗಿಯಿರುವ ಡಬ್ಬದೊಳಗೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಜೆಲ್ ತೇವ ಹೀರಿ ಮುಗಿದ ಮೇಲೆ ಬದಲಿಸದಿದ್ದರೆ ಇಟ್ಟೂ ಪ್ರಯೋಜನವಿಲ್ಲ. ಯಾವ ನಾಣ್ಯ ಯಾವ ಡಬ್ಬಿಯದು ಎಂದು ಚೀಟಿ ಬರೆದಿಡಿ, ಆದರೆ ಚೀಟಿ ನಾಣ್ಯಕ್ಕೆ ತಾಗಬಾರದು.

ತೊಳೆಯಬೇಡಿ ಎಂದೆನಲ್ಲ. ಬೆಳ್ಳಿ ಪಾಲಿಶ್, ಟೂತ್‌ಪೇಸ್ಟ್, ಸೋಡಾ ಯಾವುದೇ ಆಗಲಿ ಪ್ರೂಫ್ ಮೈಯ ಮೇಲೆ ಕೂದಲೆಳೆಯ ಗೀರು ಬಿಡುತ್ತದೆ. ನಾಣ್ಯವನ್ನು ಒಂದೇ ದೀಪದ ಕೆಳಗೆ ಓರೆ ಮಾಡಿ ತಿರುಗಿಸಿದರೆ ಆ ಗೀರುಗಳು ಒಂದೇ ದಿಕ್ಕಿನಲ್ಲಿ ಗುಂಪಾಗಿ ಮಿಂಚುತ್ತವೆ. ಅನುಭವಿ ಖರೀದಿದಾರ ಮೊದಲು ನೋಡುವುದು ಅದನ್ನೇ, ಕಂಡರೆ ಬೆಲೆ ನೇರ ಬೆಳ್ಳಿಯ ತೂಕಕ್ಕೆ ಇಳಿಯುತ್ತದೆ. ಪಿವಿಸಿ ಅಂಟು, ಹೊಸ ಬೆರಳಚ್ಚು ಇದ್ದರೆ ಮಾತ್ರ ಶುದ್ಧ ಅಸಿಟೋನ್ ಬಳಸಬಹುದು. ಗಾಜಿನ ಬಟ್ಟಲು, ಗಾಳಿಯಾಡುವ ಜಾಗ, ಹತ್ತಿರದಲ್ಲಿ ಬೆಂಕಿ ಇರಬಾರದು. ಕೆಲವು ನಿಮಿಷ ಮುಳುಗಿಸಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಒರೆಸದೆ ಆರಲು ಬಿಡಿ. ನೈಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತವೆ. ಬಣ್ಣದ ನಾಣ್ಯಕ್ಕೆ ಅಸಿಟೋನ್ ಹತ್ತಿರವೂ ತರಬೇಡಿ, ಚಿತ್ರವೇ ಕಿತ್ತುಬರುತ್ತದೆ. ಹಾಲು ಚೆಲ್ಲಿದಂಥ ಬಿಳಿ ಚುಕ್ಕೆ ತಯಾರಿಕೆಯಲ್ಲೇ ಉಳಿದ ದೋಷ, ಯಾವ ದ್ರಾವಣಕ್ಕೂ ಅದು ಜಗ್ಗುವುದಿಲ್ಲ. ಕೆನಡಾದ ಟಂಕಸಾಲೆ ಇದನ್ನು ತಡೆಯಲೆಂದೇ 2018ರಲ್ಲಿ ಮಿಂಟ್‌ಶೀಲ್ಡ್ ಎಂಬ ವಿಧಾನ ತಂದಿತು.

ನಾಣ್ಯದ ಸ್ಥಿತಿಗೆ 70ರವರೆಗೆ ಅಂಕ ಕೊಡುವ ಎನ್‌ಜಿಸಿ, ಪಿಸಿಜಿಎಸ್‌ ಸಂಸ್ಥೆಗಳಿಗೆ ಗ್ರೇಡಿಂಗ್‌ಗೆ ಕಳಿಸುವ ಯೋಚನೆ ಇದ್ದರೆ, ಅದೇ ನಾಣ್ಯದ 69 ಮತ್ತು 70 ಗ್ರೇಡುಗಳು ಈಚೆಗೆ ಮಾರಾಟವಾದ ಬೆಲೆಗಳನ್ನು ಮೊದಲು ಹೋಲಿಸಿ. ಆಧುನಿಕ ಪ್ರೂಫ್‌ಗಳಿಗೆ 69 ಸಲೀಸಾಗಿ ಬರುತ್ತದೆ, ಆದರೆ ಆ ಬೆಲೆಯಲ್ಲಿ ಬಹಳ ಸಲ ಶುಲ್ಕವೂ ಹುಟ್ಟುವುದಿಲ್ಲ. ಕಳಿಸಿದರೂ ಡಬ್ಬಿ, ಸರ್ಟಿಫಿಕೇಟ್ ಉಳಿಸಿಕೊಳ್ಳಿ.

ನಿಮ್ಮ ಕಪ್ಪಾದ ನಾಣ್ಯವನ್ನು ಇದ್ದ ಹಾಗೇ, ಎರಡೂ ಬದಿ ಮತ್ತು ಅಂಚಿನ ಫೋಟೋ ತೆಗೆದು ಮಾರಾಟಕ್ಕಿಡಿ. ಬಣ್ಣ ಸಮನಾಗಿ, ನೀಲಿ ಹೊಂಬಣ್ಣದಲ್ಲಿ ಹರಡಿದ್ದರೆ ಹೆಚ್ಚು ಕೊಡುವವರೂ ಇದ್ದಾರೆ. ಮಸಿ ಬಳಿದಂತೆ ತೇಪೆತೇಪೆಯಾಗಿದ್ದರೆ ಬೆಳ್ಳಿಯ ಬೆಲೆಯ ಆಸುಪಾಸಿನಲ್ಲಿ ಕೊಟ್ಟುಬಿಡಿ, ಅದರ ಖಾಲಿ ಡಬ್ಬಿ ಮತ್ತು ಸರ್ಟಿಫಿಕೇಟನ್ನು ಬೇರೆಯಾಗಿ ಮಾರಿ.